ಕೂಪಿನ ಕಾದಂಬರಿಯ ಕಾಣೆಯಾದ ಪುಟಗಳು

ನನ್ನ ಹೆಂಡತಿಯ ಎಡಗಣ್ಣಿನ ಶಸ್ತ್ರಚಿಕಿತ್ಸೆ ನಡೆದದ್ದು ಮಂಗಳವಾರ ಎಂದು ನಾನು ಇದುವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದನ್ನು ಬರೆಯಲು ಕುಳಿತ ಮೇಲೆ ವಾಶಿಯ ಆಸ್ಪತ್ರೆಯ ಕಾಗದ ತೆಗೆದು ನೋಡಿದರೆ ಅದು ಬುಧವಾರ. ಕರಾವಳಿಯ ಬಂದರುಗಳ ವ್ಯಾಪಾರದ ದಾಖಲೆಗಳನ್ನು ಓದುವುದರಲ್ಲೇ ನನ್ನ ಕೆಲಸದ ಆಯುಷ್ಯವೆಲ್ಲ ಕಳೆದಿದೆ; ಒಂದು ಹಡಗು ಬಂದ ದಿನವನ್ನು ಬೇರೆ ಬೇರೆ ಮೂಲಗಳೊಡನೆ ತಾಳೆ ನೋಡದೆ ಅಡಿಟಿಪ್ಪಣಿಗೆ ಸೇರಿಸಿದವನಲ್ಲ. ಹಾಗಿದ್ದೂ ನನ್ನದೇ ಮನೆಯ ದಿನ ತಪ್ಪಿತು. ಆ ದಿನಗಳಲ್ಲಿ ವಾರಗಳು ಒಂದರೊಳಗೊಂದು ಕಲೆಸಿಹೋಗಿದ್ದವು ಎಂಬುದಷ್ಟೇ ನಾನು ಕೊಡಬಲ್ಲ ವಿವರಣೆ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಕಿಟಕಿಯ ಸರಳುಗಳಲ್ಲಿ. ಡೊಂಬಿವಲಿಯ ನಮ್ಮ ಮನೆಯ ಕಿಟಕಿಗಳಿಗೆ ನೆಟ್ಟನೆಯ ಕಬ್ಬಿಣದ ಸರಳುಗಳಿವೆ. ಒಂದು ಬೆಳಗ್ಗೆ ಅವಳು, ಇವುಗಳ ನಡು ಯಾಕೆ ಬಾಗಿದೆ, ಯಾರಾದರೂ ಒಳಗೆ ನುಗ್ಗಲು ನೋಡಿದರೇ ಎಂದು ಕೇಳಿದಳು. ನಾನು ಕೈಯಿಂದ ಸವರಿ ನೋಡಿದೆ. ಸರಳು ನೆಟ್ಟಗೇ ಇತ್ತು. ಸ್ವಲ್ಪ ದಿನಗಳಲ್ಲಿ ಪುಸ್ತಕದ ಪುಟಕ್ಕೂ ಅದೇ ಗತಿಯಾಯಿತು. ಅವಳು ದೃಷ್ಟಿಯಿಟ್ಟ ಅಕ್ಷರವೇ ಮಾಯವಾಗುತ್ತಿತ್ತು, ಅದರ ಆಚೀಚಿನವು ಮಾತ್ರ ಉಳಿಯುತ್ತಿದ್ದವು. ಅವಳ ಬಲಗಣ್ಣು ಚಿಕ್ಕಂದಿನಿಂದಲೂ ಮಂದ; ಬಾಗಿಲು, ಜನ, ಬಸ್ಸು ಇಷ್ಟು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಹಾಗಾಗಿ ಓದುವ ಕಣ್ಣೆಂದರೆ ಎಡಗಣ್ಣೊಂದೇ. ಬ್ಯಾಂಕಿನ ಕೆಲಸಕ್ಕೆ ಹೋಗಿಬರುತ್ತಿದ್ದ ಅಷ್ಟೂ ವರ್ಷ ಲೋಕಲ್ ಗಾಡಿಯ ಲೇಡೀಸ್ ಡಬ್ಬದಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಹಿಡಿಕೆ ಮತ್ತೊಂದರಲ್ಲಿ ಕಾದಂಬರಿ ಹಿಡಿದು ಓದಿದ ಕಣ್ಣು ಅದು.

ಅಕ್ಷಿಪಟಲದ ನಟ್ಟನಡುವೆ ಒಂದು ಸಣ್ಣ ತೂತು ಬಿದ್ದಿದೆ ಎಂದರು ವಾಶಿಯ ವೈದ್ಯರು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಗ್ಯಾಸಿನ ಒಂದು ಗುಳ್ಳೆ ತುಂಬಿಸುತ್ತಾರೆ. ಆ ಗುಳ್ಳೆ ತೂತಿನ ಅಂಚುಗಳನ್ನು ಒತ್ತಿ ಹಿಡಿದರೆ ಅವು ಕೂಡಿಕೊಳ್ಳುತ್ತವೆ. ಆದರೆ ಗುಳ್ಳೆ ಯಾವಾಗಲೂ ಮೇಲಕ್ಕೇರುವಂಥದು, ತೂತಿರುವುದು ಕಣ್ಣಿನ ಹಿಂಗೋಡೆಯಲ್ಲಿ. ವೈದ್ಯರು ಅರ್ಧ ನೀರಿದ್ದ ಬಾಟಲಿಯನ್ನು ಮಲಗಿಸಿ, ತಿರುಗಿಸಿ ತೋರಿಸಿದರು. ರೋಗಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು; ಕೂರುವಾಗಲೂ ಉಣ್ಣುವಾಗಲೂ ಮಲಗುವಾಗಲೂ. ಮುಂದಿನ ಸ್ಕ್ಯಾನ್ ತನಕ ಹಾಗಿದ್ದರೆ ತೂತು ಮುಚ್ಚುವ ಭರವಸೆಯಿದೆ. ಮುಚ್ಚದಿದ್ದರೆ ಎರಡನೆಯ ಸಲ ಪ್ರಯತ್ನಿಸಬಹುದು, ಆದರೆ ಅದರ ಬಗ್ಗೆ ತಾವು ಯಾವ ಮಾತೂ ಕೊಡಲಾರೆವು ಎಂದು ಅವರು ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದರು. ಎರಡು ಭಾಷೆಯಲ್ಲಿ ಕೇಳಿದ್ದರಿಂದ ಅದು ಎರಡು ಪಟ್ಟು ಕೆಟ್ಟದಾಗಿ ತೋರಿತು.

ಕಲ್ಯಾಣದಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುವ ಅವಳ ತಮ್ಮ ಶಸ್ತ್ರಚಿಕಿತ್ಸೆಯ ಮರುದಿನವೇ ಹೋಟೆಲಿನ ಒಂದು ಮೇಜನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದ. ದಿಂಬಿನ ಮೇಲೆ ಮುಖವಿಟ್ಟರೆ ಮೂಗು ಕಟ್ಟುತ್ತದೆ, ಉಸಿರು ಆಡುವುದಿಲ್ಲ ಎಂದು ಅವಳು ಪೇಚಾಡುತ್ತಿದ್ದಳು. ಅವನು ಒಂದು ಹಳೆಯ ಸೀರೆ ಕೇಳಿ ಪಡೆದು, ಸುತ್ತಿ ಸುತ್ತಿ, ನೀರಿನ ಕೊಡಕ್ಕಿಡುವಂಥ ಸಿಂಬಿಯನ್ನು ನಾಲ್ಕು ಪಾಲು ದೊಡ್ಡದಾಗಿ ಮಾಡಿ ಮೇಜಿನ ಅಂಚಿಗೆ ಕಟ್ಟಿದ. ಅದರ ಮೇಲೆ ಹಣೆ ಮತ್ತು ಕೆನ್ನೆಗಳನ್ನು ಊರಿದರೆ ನಡುವಿನ ಖಾಲಿಯಲ್ಲಿ ಮೂಗು ಬಾಯಿ ಸಲೀಸಾಗಿರುತ್ತಿದ್ದವು. ಉಡುಪಿ ಕಡೆಯ ಆ ಅಕ್ಕ ತಮ್ಮ ತುಳುವಿನಲ್ಲಿ ಏನೋ ಹೇಳಿಕೊಂಡು ನಕ್ಕರು. ನಾನು ಮೈಸೂರಿನವನು, ಮದುವೆಯಾಗಿ ಇಷ್ಟು ಕಾಲವಾದರೂ ಆ ಭಾಷೆ ನನಗೆ ಅರ್ಧವೇ ತಿಳಿಯುವುದು. ಅವಳ ತಲೆಗಿಂತ ಸಿಂಬಿಯೇ ದೊಡ್ಡದಾಯಿತು ಎಂದೋ ಏನೋ ಇರಬೇಕು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನೆಲದ ಟೈಲ್ಸನ್ನು ನೋಡಿಕೊಂಡು, ಅದೂ ಮಂಜುಮಂಜಾಗಿ, ಹೊತ್ತು ಕಳೆಯುವುದು ಹೇಗೆ? ಬೆನ್ನಿನ ನಡುವೆ ನೋವು ಹುಟ್ಟಿ ಕುತ್ತಿಗೆಗೆ ಹತ್ತಿತು. ಸ್ವಲ್ಪವೇ ಎದ್ದು ಕೂರುತ್ತೇನೆ, ಸ್ವಲ್ಪವೇ ಎಂದು ಅವಳು ಹೇಳುವುದು, ಬೇಡ ಎಂದು ನಾನು ತಡೆಯುವುದು, ಇದೇ ನಡೆಯಿತು. ಕೊನೆಗೆ ಅವಳೇ ದಾರಿ ಹೇಳಿದಳು. ಒಂದು ಕಾದಂಬರಿ ತಂದು ಓದಿ ಹೇಳಬೇಕು. ಹೇಗಿರಬೇಕು ಎಂದು ಕೇಳಿದೆ.

"ದಪ್ಪ ಇರಬೇಕು. ಕಾಡು ಇರಬೇಕು, ಒಬ್ಬ ಒಳ್ಳೇ ಗಂಡಸು ಇರಬೇಕು, ನೀತಿ ಇರಬಾರದು" ಎಂದಳು ಸಿಂಬಿಯೊಳಗಿಂದ.

ನಮ್ಮ ಊರಿನ ಕನ್ನಡಿಗರ ಸಂಘವೊಂದರ ಗ್ರಂಥಾಲಯದಲ್ಲಿ ಕೆಂಪು ರೆಕ್ಸಿನ್ ಹೊದಿಕೆ ಹಾಕಿ ಮರುಕಟ್ಟಿದ ಪುಸ್ತಕವೊಂದು ಸಿಕ್ಕಿತು. ಹೊದಿಕೆಯ ಮೇಲೆ ಹೆಸರಿಲ್ಲ. ಒಳಗೆ ನೋಡಿದರೆ ಕಳೆದ ಶತಮಾನಕ್ಕೂ ಹಿಂದಿನ ಕಾಲದ ಪ್ರೇಮಕಥೆ. ನಡೆಯುವುದು ಕಾಳಿ ನದಿಯ ಮೇಲ್ಭಾಗದ ಒಂದು ಕೂಪಿನಲ್ಲಿ. ಕಾಡಿನಲ್ಲಿ ಬಿಡಾರ ಹೂಡಿ ನಾಟಾ ಮರ ಕಡಿಯುವ ಜಾಗಕ್ಕೆ ಕೂಪು ಎನ್ನುತ್ತಾರೆ. ಆ ನದಿಯಲ್ಲಿ ತೇಲಿಬಂದ ಸಾಗುವಾನಿಯ ಲೆಕ್ಕಗಳನ್ನು ನಾನು ದಾಖಲೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಂದರೆ ಕಾದಂಬರಿಕಾರ್ತಿ ಕಾಲಿಟ್ಟದ್ದು ನೇರವಾಗಿ ನನ್ನ ಹೊಲಕ್ಕೆ. ನಾನು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡೇ ಮನೆಗೆ ಬಂದೆ.

ನನ್ನ ಆಸನ ನೆಲದ ಮೇಲಿನ ಚಾಪೆ. ಅವಳ ಮುಖ ನನ್ನ ತಲೆಯ ಮೇಲೆ, ಸಿಂಬಿಯ ಚೌಕಟ್ಟಿನಲ್ಲಿ. ಎಡಗಣ್ಣಿಗೆ ಕವಚ, ಬಲಗಣ್ಣಿಗೆ ನಾನೊಂದು ಬಿಳಿ ಅಂಗಿ, ಪುಸ್ತಕವೊಂದು ಕೆಂಪು ಕಲೆ.

ಕಥೆ ಹೀಗಿತ್ತು. ತುಳುನಾಡಿನ ಕರಾವಳಿಯ ಒಬ್ಬಳು ಎಳೆಯ ವಿಧವೆ, ಕೂಪಿನ ಆಳುಗಳಿಗೆ ಅಡುಗೆ ಮಾಡಲು ಘಟ್ಟದ ಕಾಡಿಗೆ ಬರುತ್ತಾಳೆ. ಕಡಿದ ದಿಮ್ಮಿಗಳನ್ನು ಬೆತ್ತದಿಂದ ಬಿಗಿದು ತೆಪ್ಪ ಕಟ್ಟಿ, ಹೊಳೆಯ ಮೇಲೆ ಕಡಲತಡಿಯ ತನಕ ಒಯ್ಯುವವನೊಬ್ಬ ಅಲ್ಲಿದ್ದಾನೆ. ಅವನು ಹೆಚ್ಚು ಮಾತಾಡುವವನಲ್ಲ. ಅವಳು ಗಂಜಿ ಬಡಿಸುವಾಗ ಎಲ್ಲರಿಗಿಂತ ಕೊನೆಯಲ್ಲಿ ಬಂದು ಕೂರುತ್ತಾನೆ, ಪಾತ್ರೆಯ ತಳದಲ್ಲಿ ಎಷ್ಟಿದ್ದರೆ ಅಷ್ಟು ಉಂಡು ಏಳುತ್ತಾನೆ. ಗುತ್ತಿಗೆದಾರನಿಗೆ ಅವಳ ಮೇಲೆ ಕಣ್ಣು. ಇಷ್ಟು ಹೊತ್ತಿಗೆ ನಾನು ತಪ್ಪುಗಳನ್ನು ಎತ್ತಲು ಶುರುಮಾಡಿದ್ದೆ. ಆ ನದಿಗೆ ಉಗಿದೋಣಿ ಬಂದದ್ದು ಕಥೆಯ ಕಾಲಕ್ಕಿಂತ ಆಮೇಲೆ ಇರಬೇಕು, ತಾಳೆ ನೋಡಬೇಕು ಎಂದೆ. ಸಾಗುವಾನಿ ಹಸಿಯಾಗಿ ತೇಲುವುದಿಲ್ಲ, ನಿಂತ ಮರವನ್ನೇ ಒಣಗಿಸಬೇಕು, ಅದನ್ನು ಹೇಳಿಲ್ಲ ಎಂದೆ. ಅವರಿಬ್ಬರೂ ಮೊದಲ ಸಲ ಹೊಳೆದಂಡೆಯಲ್ಲಿ ಒಂಟಿಯಾಗಿ ನಿಲ್ಲುವ ಪ್ರಸಂಗ ಬಂತು. ಆ ರಾತ್ರಿ ನೂಲಹುಣ್ಣಿಮೆ ಎಂದು ಬರೆದಿತ್ತು. ನಾನು ಪುಸ್ತಕ ಮಡಿಲಲ್ಲಿಟ್ಟೆ. ಶ್ರಾವಣದ ಮಳೆಯಲ್ಲಿ ಯಾವ ಕೂಪೂ ತೆರೆದಿರುವುದಿಲ್ಲ, ಆಗ ಕಾಡಿನಲ್ಲಿ ಯಾರು ಇರುತ್ತಾರೆ ಎಂದೆ.

"ಪ್ರೀತಿ ಮಾಡುವವರು ಇರ್ತಾರೆ ಮಾರಾಯ್ರೆ. ನೀವು ಓದಿ."

ನಗು ಬಂದು ಅವಳ ಹೆಗಲು ಅಲುಗಿತು, ತಲೆ ಸಿಂಬಿಯಿಂದ ಬೆರಳಷ್ಟು ಮೇಲೆದ್ದಿತು. ಎಲ್ಲವೂ ಸ್ಪಷ್ಟವಾದದ್ದು ಆಗ. ನಾನು ತಡೆದು ತಿದ್ದಿದಾಗಲೆಲ್ಲ ಅವಳು ಎದುರುತ್ತರ ಕೊಡಲು ತಲೆಯೆತ್ತುತ್ತಾಳೆ. ಕಥೆ ಓಡಿದರೆ ಅಲ್ಲಾಡದೆ ಇರುತ್ತಾಳೆ. ಅವಳು ಎರಡು ಷರತ್ತು ಹಾಕಿದಳು. ಪೆನ್ಸಿಲು ಈ ಕೋಣೆಗೆ ಬರಬಾರದು. ಮತ್ತು ಅವಳಿಗೆ ಓದಿ ಹೇಳಿದ್ದಕ್ಕಿಂತ ಒಂದು ಸಾಲೂ ನಾನು ಮುಂದೆ ಹೋಗಬಾರದು. ಎರಡಕ್ಕೂ ಒಪ್ಪಿದೆ. ಮೊದಲನೆಯದು ಕಷ್ಟವೆಂದುಕೊಂಡಿದ್ದೆ. ಕಷ್ಟವಾದದ್ದು ಎರಡನೆಯದು.

ಅಡುಗೆಮನೆಯಲ್ಲಿ ಹಾಲು ಕಾಯಲಿಟ್ಟು ನಿಂತಾಗ ನಾನು ಆ ತೆಪ್ಪದವನ ಬಗ್ಗೆ ಯೋಚಿಸುತ್ತಿದ್ದೆ; ಹಾಲು ಎರಡು ಸಲ ಉಕ್ಕಿತು. ಕಣ್ಣಿಗೆ ಹಾಕುವ ಹನಿಗಳ ನಡುವಿನ ಹೊತ್ತನ್ನು ನಾನು ಅಧ್ಯಾಯಗಳಲ್ಲಿ ಅಳೆಯತೊಡಗಿದೆ. ಕಡಿದ ದಿಮ್ಮಿಗೆ ಗುರುತು ಹಾಕುವ ಸುತ್ತಿಗೆಯೊಂದಿರುತ್ತದೆ, ಮುದ್ರೆಯ ಸುತ್ತಿಗೆ. ಅದರ ಮೂತಿಯಲ್ಲಿ ಮಾಲೀಕನ ಚಿಹ್ನೆ ಉಬ್ಬಾಗಿ ಕೆತ್ತಿರುತ್ತದೆ, ಹೊಡೆದರೆ ಮರದಲ್ಲಿ ಅಚ್ಚೊತ್ತುತ್ತದೆ. ಕಾದಂಬರಿಯಲ್ಲಿ ಒಂದು ಮಧ್ಯಾಹ್ನ ಅವನು ಆ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ಒಂದು ಏಟು ನೀನೂ ಹೊಡೆ ಎನ್ನುತ್ತಾನೆ. ಅವಳು ಸೆರಗು ಬಿಗಿದು ಹೊಡೆಯುತ್ತಾಳೆ. ಅಚ್ಚು ಓರೆಯಾಗಿ ಬೀಳುತ್ತದೆ. ಈ ಓರೆ ದಿಮ್ಮಿ ಯಾವ ಬಂದರಿಗೆ ಹೋದರೂ ನನಗೆ ಗೊತ್ತಾಗುತ್ತದೆ ಎನ್ನುತ್ತಾನೆ ಅವನು. ಅಷ್ಟೇ. ಕೈ ಹಿಡಿಯಲಿಲ್ಲ, ಏನೂ ಇಲ್ಲ. ನಾನು ಓದುವುದನ್ನು ನಿಲ್ಲಿಸಿದೆ. ಆ ಮುದ್ರೆಗಳ ವಿವರಣೆ ನನ್ನ ಟಿಪ್ಪಣಿಗಳಲ್ಲಿ ಎಷ್ಟೋ ಕಡೆ ಇದೆ. ಅವುಗಳ ಹಿಂದೆ ಒಂದು ಕೈ ಇತ್ತೆಂದು, ಅದು ಕೆಲವೊಮ್ಮೆ ಓರೆಯಾಗಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ತಾರೀಖು ತಪ್ಪಾ?" ಎಂದು ಕೇಳಿದಳು ಮೇಲಿನಿಂದ.

"ಇಲ್ಲ ಕಣೇ. ಗಂಟಲು ಒಣಗಿತು."

ಸ್ಕ್ಯಾನಿನ ಹಿಂದಿನ ದಿನ ಕೆಟ್ಟದಾಗಿತ್ತು. ಹನಿ ಹಾಕಲು ಕವಚ ತೆಗೆದಾಗ ಕಣ್ಣು ಕೆಂಡದಂತಿತ್ತು. ಸಿಂಬಿಯ ನಡುವಿನಿಂದ ನೆಲಕ್ಕೆ ಹನಿ ಬೀಳುತ್ತಿತ್ತು, ಅದು ಔಷಧಿಯಲ್ಲ. ನಾನು ಚಾಪೆಯ ಅಂಚಿನಿಂದ ಅದನ್ನು ಒರೆಸಿ ಓದುತ್ತಲೇ ಹೋದೆ. ಕೂಪು ಮುಚ್ಚುವ ಕಾಲ ಬಂದಿತ್ತು. ಮಳೆ ಹಿಡಿಯುವ ಮೊದಲು ಎಲ್ಲರೂ ಬಿಡಾರ ಕಿತ್ತು ಗಾಡಿಗಳಲ್ಲಿ ಹೊರಡಬೇಕು. ಗುತ್ತಿಗೆದಾರ ತನ್ನ ಗಾಡಿಯಲ್ಲಿ ಅವಳಿಗೆ ಜಾಗ ಇಟ್ಟಿದ್ದ. ಹೊಳೆಯಲ್ಲಿ ಕೊನೆಯ ತೆಪ್ಪ ಸಿದ್ಧವಾಗಿತ್ತು. ಕತ್ತಲಾದ್ದರಿಂದ ಅಲ್ಲಿಗೆ ಗುರುತಿಟ್ಟು ಮುಚ್ಚಿದೆವು.

ಮರುದಿನ ಬೆಳಗ್ಗೆ ಭಾವಮೈದುನ ವ್ಯಾನು ತಂದ. ಹಿಂದಿನ ಸೀಟಿನಲ್ಲಿ ಕುಳಿತ ಅವಳ ಹಣೆಗೆ ಆಸರೆಯಾಗಿ, ಮುಂದಿನ ಸೀಟಿನ ಬೆನ್ನಿಗೆ ಸಿಂಬಿ ಕಟ್ಟಿದ. ವ್ಯಾನಿನಲ್ಲಿ ಕೊತ್ತಂಬರಿಸೊಪ್ಪಿನ ವಾಸನೆಯಿತ್ತು. ನಾನು ಅವಳ ಪಕ್ಕ ಕೂತು ಪುಸ್ತಕ ತೆರೆದೆ. ಡೊಂಬಿವಲಿಯಿಂದ ವಾಶಿಗೆ ಹೋಗಲು ಶೀಳ್‌ಫಾಟಾ ದಾಟಬೇಕು. ಅಲ್ಲಿ ರಸ್ತೆಗಳು ಕೂಡುವಲ್ಲಿ ಅಂದು ಒಂದು ಟ್ರೇಲರು ಅಡ್ಡನಿಂತು, ಟ್ರಕ್ಕು, ಬಸ್ಸು, ರಿಕ್ಷಾಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ನಮ್ಮ ವ್ಯಾನು ನಿಂತಿತು. ಹಿಂದೆ ಸರಿಯಲೂ ಜಾಗವಿರಲಿಲ್ಲ. ವೈದ್ಯರು ಕೊಟ್ಟ ಸಮಯ ತಪ್ಪಿದರೆ ಅವರು ಶಸ್ತ್ರಚಿಕಿತ್ಸೆಗೆ ಒಳಗೆ ಹೋಗಿಬಿಡುತ್ತಾರೆ ಎಂಬ ಚಿಂತೆ ಒಂದು. ಬಿಸಿಲಿಗೆ ತಗಡು ಕಾಯುತ್ತಿದ್ದದ್ದು ಮತ್ತೊಂದು.

ಕಾದಂಬರಿಯಲ್ಲಿ ಅವಳು ಗಾಡಿಗೆ ಹತ್ತದೆ ಹೊಳೆಯ ಕಡೆಗೆ ಓಡಿದ್ದಳು. ತೆಪ್ಪದವನು ಕೈ ಚಾಚಲಿಲ್ಲ. ಜಾಗ ಬಿಟ್ಟು ನಿಂತ. ಅವಳು ಒದ್ದೆ ದಿಮ್ಮಿಯ ಮೇಲೆ ಕಾಲಿಟ್ಟಳು. ಮೇಲ್ಗಡೆಯ ಕಾಡಿನಲ್ಲಿ ಆಗಲೇ ಮಳೆ ಬಿದ್ದಿತ್ತು, ನೀರಿನ ಬಣ್ಣ ಬದಲಾಗಿತ್ತು. ದೂರದಲ್ಲಿ ಇಕ್ಕಟ್ಟಾದ ಬಂಡೆಗಳ ನಡುವಿನಿಂದ ಗುಡುಗಿನಂಥ ಸದ್ದು ಕೇಳಿಸಿತು. ಅದು ಗುಡುಗಲ್ಲ, ಮುಂದೆ ಬಿಟ್ಟಿದ್ದ ದಿಮ್ಮಿಗಳು ಒಂದರ ಮೇಲೊಂದು ಏರಿ ಹೊಳೆಗೆ ಕಟ್ಟೆಯಾಗಿ ನಿಂತಿವೆ ಎಂದು ಅವನ ಮುಖ ನೋಡಿ ಅವಳಿಗೆ ಅರ್ಥವಾಯಿತು.

ಪುಟ ತಿರುವಿದೆ. ಆ ಪುಟದ ಮೊದಲ ಸಾಲಿನಲ್ಲಿ ಅವಳು ಕಡಲತಡಿಯ ನಾಟಾ ಕಟ್ಟೆಯಲ್ಲಿ ಒಬ್ಬಳೇ ನಿಂತಿದ್ದಳು. ಮಡಿಲಲ್ಲಿ ಮುದ್ರೆಯ ಸುತ್ತಿಗೆ ಕಟ್ಟಿಕೊಂಡಿದ್ದಳು. ಹಿಂದಿರುಗಿ ಹೊಳೆಯ ಕಡೆ ನೋಡಲಿಲ್ಲ.

ಪುಟಸಂಖ್ಯೆ ನೋಡಿದೆ. ನಡುವೆ ಹದಿನಾರು ಪುಟಗಳಿರಲಿಲ್ಲ. ಹರಿದದ್ದಲ್ಲ, ಮರುಕಟ್ಟುವಾಗ ಒಂದು ಮಡಿಕೆ ಇಡಿಯಾಗಿ ಬಿಟ್ಟುಹೋಗಿತ್ತು.

"ಎಂತಾಯ್ತು? ಓದಿ." ಎಂದಳು ಅವಳು. "ನನಗೆ ಇನ್ನು ಆಗೂದಿಲ್ಲ. ಕುತ್ತಿಗೆ ತುಂಡಾಗ್ತದೆ. ಮುಚ್ಚುವುದಾದರೆ ಇಷ್ಟೊತ್ತಿಗೆ ಮುಚ್ಚಿರ್ತದೆ. ನಾನು ಏಳ್ತೇನೆ."

ಅವಳು ಎರಡೂ ಕೈಯನ್ನು ಮುಂದಿನ ಸೀಟಿಗೆ ಊರಿದಳು. ಪುಟಗಳು ಇಲ್ಲ ಎಂದು ಹೇಳಿದ್ದರೆ ಅವಳು ಎದ್ದೇ ಬಿಡುತ್ತಿದ್ದಳು. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ನಾನು ಓದತೊಡಗಿದೆ. ಅಂದರೆ ಪುಸ್ತಕವನ್ನು ಮುಖದೆದುರು ಹಿಡಿದು, ಇಲ್ಲದ ಸಾಲುಗಳನ್ನು ಹೇಳತೊಡಗಿದೆ.

ಆಧಾರವಿಲ್ಲದ ಒಂದು ವಾಕ್ಯವನ್ನೂ ಬರೆಯದವನ ಪಾಡನ್ನು ಓದುಗರು ಊಹಿಸಬಹುದು. ಮೊದಲ ಕೆಲವು ವಾಕ್ಯಗಳು ಬಾಯಿಯಲ್ಲಿ ಮರದ ಚಕ್ಕೆಗಳಂತೆ ಆಡಿದವು. ಆಮೇಲೆ ದಾಖಲೆಗಳೇ ನೆರವಿಗೆ ಬಂದವು. ಸಿಕ್ಕಿಬಿದ್ದ ದಿಮ್ಮಿಗಳ ರಾಶಿಯಲ್ಲಿ ಎಲ್ಲದರ ಭಾರವನ್ನೂ ಹಿಡಿದಿರುವ ಒಂದೇ ಒಂದು ದಿಮ್ಮಿ ಇರುತ್ತದೆ. ಅದನ್ನು ಹುಡುಕಿ ಸಡಿಲಿಸಿದವನಿಗೆ ದಂಡೆಗೆ ಓಡಲು ಹೊತ್ತು ಸಿಗುವುದು ಕಡಿಮೆ. ತೆಪ್ಪದವನನ್ನು ನಾನು ಉದ್ದನೆಯ ಬಿದಿರಿನ ಗಳು ಹಿಡಿಸಿ ಆ ರಾಶಿಯ ಮೇಲೆ ಹತ್ತಿಸಿದೆ. ಹೊರಡುವ ಮುನ್ನ ಅವನು ಸೊಂಟದ ಸುತ್ತಿಗೆಯನ್ನು ಬಿಚ್ಚಿ ಅವಳಿಗೆ ಕೊಟ್ಟ. ಮುಂದಿನ ಪುಟದಲ್ಲಿ ಅದು ಅವಳ ಮಡಿಲಲ್ಲಿ ಇರಲೇಬೇಕಿತ್ತಲ್ಲ. ಅವಳು ದಂಡೆಗಿಳಿದು, ಅವನ ಸೊಂಟಕ್ಕೆ ಕಟ್ಟಿ ಅಲ್ಲಿನ ಮತ್ತಿಮರಕ್ಕೆ ಸುತ್ತಿದ ಹಗ್ಗದ ತುದಿಯನ್ನು ಹಿಡಿದು ನಿಂತಳು. ಆ ದಿನವನ್ನು ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು ಎಂದೆ: ಜ್ಯೇಷ್ಠ ಬಹುಳ ಪಂಚಮಿ, ಶುಕ್ರವಾರ, ಧನಿಷ್ಠಾ ನಕ್ಷತ್ರ. ತಿಥಿ ಹೇಳಿದ ಮೇಲೆ ನನ್ನ ನಾಲಗೆಗೆ ನೆಲ ಸಿಕ್ಕಂತಾಯಿತು, ಕಥೆ ಸರಾಗವಾಗಿ ಹರಿಯಿತು.

ಅವಳ ಕೈಗಳು ಸೀಟಿನಿಂದ ಮೆಲ್ಲಗೆ ಕೆಳಗಿಳಿದವು.

ನಾನು ಕಣ್ಣೆತ್ತಿದೆ. ಕನ್ನಡಿಯಲ್ಲಿ ಭಾವಮೈದುನ ನನ್ನನ್ನೇ ನೋಡುತ್ತಿದ್ದ. ಬಹಳ ಹೊತ್ತಿನಿಂದ ನಾನು ಒಂದೂ ಪುಟ ತಿರುವಿಲ್ಲವೆಂದು ಅವನಿಗೆ ತಿಳಿದುಹೋಗಿತ್ತು. ಅವನು ಸ್ಟಿಯರಿಂಗಿನಿಂದ ಒಂದು ಕೈ ಎತ್ತಿ, ತೋರುಬೆರಳಿನಿಂದ ಗಾಳಿಯಲ್ಲಿ ಪುಟ ಮಗುಚುವಂತೆ ಮಾಡಿ ತೋರಿಸಿದ. ನಾನು ಒಂದು ಹಾಳೆಯನ್ನು ಸದ್ದಾಗುವಂತೆ ತಿರುವಿದೆ, ಮತ್ತೆ ಹಿಂದಕ್ಕೆ ತಂದೆ.

ಟ್ರೇಲರು ಯಾವಾಗ ಸರಿಯಿತೋ ತಿಳಿಯದು. ವ್ಯಾನು ಓಡತೊಡಗಿದಾಗ ನನ್ನ ತೆಪ್ಪದವನು ಆ ಒಂದು ದಿಮ್ಮಿಗೆ ಗಳು ಕೊಟ್ಟಿದ್ದ. ಮಹಾಪೆ ದಾಟುವಾಗ ರಾಶಿ ಕುಸಿಯಿತು. ಅವನು ನೀರಿನೊಳಗೆ ಹೋದ. ಹಗ್ಗ ಅವಳ ಅಂಗೈ ಸೀಳಿಕೊಂಡು ಓಡಿತು, ಆಮೇಲೆ ಸಡಿಲವಾಯಿತು. ಅಲ್ಲಿಂದ ಮುಂದೆ ನನಗೆ ದಾರಿ ಕಾಣಲಿಲ್ಲ. ಮುಂದಿನ ಪುಟದಲ್ಲಿ ಅವಳು ಒಬ್ಬಳೇ ಇದ್ದಾಳೆ, ಹಿಂದೆ ನೋಡುವುದಿಲ್ಲ. ಇರುವ ಸಾಕ್ಷ್ಯವೆಲ್ಲ ಒಂದೇ ಕಡೆ ಬೆರಳು ಮಾಡುತ್ತಿತ್ತು. ದಾಖಲೆಗಳೂ ಅಷ್ಟೇ, ಕಡಲತಡಿ ಮುಟ್ಟಿದ ದಿಮ್ಮಿಗಳ ಎಣಿಕೆ ಅವುಗಳಲ್ಲಿದೆ, ಮುಟ್ಟದ ಮನುಷ್ಯರ ಎಣಿಕೆ ಇಲ್ಲ. ಸಡಿಲಾದ ಹಗ್ಗವನ್ನು ಎಷ್ಟು ಬಗೆಯಲ್ಲಿ ವರ್ಣಿಸಬಹುದೋ ಅಷ್ಟೂ ವರ್ಣಿಸಿದೆ. ಅಷ್ಟರಲ್ಲಿ ವಾಶಿಯ ಆಸ್ಪತ್ರೆಯ ಬಾಗಿಲು ಬಂತು.

ಇಳಿಸಿ, ತಲೆ ತಗ್ಗಿಸಿಕೊಂಡೇ ನಡೆಸಿ ಒಳಗೆ ಕರೆದೊಯ್ದೆವು. ನರ್ಸು ಓಡಿಬಂದು, "ಆಜಿ, ಖಾಲಿ ಬಘಾ" ಎಂದು, ಕೆಳಗೇ ನೋಡಿ ಎಂದು ಹೇಳುತ್ತ ಅವಳ ತೋಳು ಹಿಡಿದಳು. ವೈದ್ಯರು ಇನ್ನೂ ಇದ್ದರು. ಸ್ಕ್ಯಾನಿನ ಕೋಣೆಯ ಹೊಸ್ತಿಲಲ್ಲಿ ಅವಳು ನಿಂತಳು. ನೆಲ ನೋಡುತ್ತಲೇ ನನ್ನ ತೋಳನ್ನು ತಡಕಿ ಹಿಡಿದಳು.

"ಅವನು ಬದುಕಿದನಾ?"

ಪುಸ್ತಕ ನನ್ನ ಕಂಕುಳಲ್ಲಿತ್ತು. ನಾನು ಓದಿದ ಯಾವ ಪುಟದಲ್ಲೂ ಉತ್ತರವಿರಲಿಲ್ಲ.

"ಬದುಕಿದ" ಎಂದೆ.

ಅವಳು ಕೈ ಬಿಟ್ಟು ಒಳಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ನಾವಿಬ್ಬರು ಗಂಡಸರು ಕೂತೆವು. ಭಾವಮೈದುನ ಎರಡು ಸಲ ಚಹಾ ತರುತ್ತೇನೆಂದು ಎದ್ದು ಎರಡು ಸಲವೂ ಮತ್ತೆ ಕೂತ. ಗೋಡೆಯ ಮೇಲೆ ಬೇರೆ ಬೇರೆ ಅಳತೆಯ ಅಕ್ಷರಗಳ ಹಲಗೆಯಿತ್ತು. ನಾನು ಅದನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದೆ. ಕೊನೆಗೆ ಅವನೇ ಕೇಳಿದ, ತಗ್ಗಿದ ದನಿಯಲ್ಲಿ.

"ಭಾವ, ನಿಜಕ್ಕೂ ಬದುಕ್ತಾನಾ ಅವ?"

"ಗೊತ್ತಿಲ್ಲ."

"ನೀವು ಗೊತ್ತಿಲ್ಲ ಅಂದದ್ದು ನಾನು ಇದೇ ಮೊದಲು ಕೇಳುವುದು" ಎಂದ.

ನರ್ಸು ಒಳಗೆ ಕರೆದಳು. ವೈದ್ಯರು ಪರದೆಯ ಮೇಲಿನ ಒಂದು ಬೂದುಬಣ್ಣದ ಗೆರೆಯನ್ನು ತೋರಿಸಿದರು. ಮೊದಲ ಚಿತ್ರದಲ್ಲಿ ಅದು ನಡುವೆ ಕಡಿದು, ಎರಡು ತುದಿಗಳೂ ಸುರುಳಿಯಾಗಿ ಮೇಲೆದ್ದು ನಿಂತಿತ್ತು. ಈಗಿನದರಲ್ಲಿ ಗೆರೆ ತಗ್ಗಾಗಿ, ತೆಳ್ಳಗೆ, ಆದರೆ ಒಂದೇ ಆಗಿ ಹಾದುಹೋಗಿತ್ತು. ಮುಚ್ಚಿದೆ ಎಂದರು. ಇನ್ನೂ ಕೆಲವು ದಿನ ತಲೆ ಕೆಳಗಿರಲಿ. ಗುಳ್ಳೆ ತಾನಾಗಿ ಕರಗುತ್ತದೆ. ದೃಷ್ಟಿ ಎಷ್ಟು ಮರಳುತ್ತದೆ ಎಂಬುದನ್ನು ತಿಂಗಳುಗಳು ಹೇಳಬೇಕು, ಓದುವಷ್ಟು ಮರಳಬಹುದು, ಮರಳದೆಯೂ ಇರಬಹುದು ಎಂದರು. ನಾನು ಆ ಗೆರೆಯಿಂದ ಕಣ್ಣು ತೆಗೆಯಲಾರದೆ ಹೋದೆ. ನನ್ನ ಹೆಂಡತಿ ನೆಲ ನೋಡುತ್ತ ಎರಡೂ ಕೈ ಮುಗಿದಳು, ಅದು ವೈದ್ಯರ ಬೂಟಿಗೆ ಮುಗಿದಂತಿತ್ತು.

ಮರಳುವ ದಾರಿಯಲ್ಲಿ ಅವಳು ಹಣೆಯನ್ನು ಸಿಂಬಿಗೆ ಕೊಟ್ಟು ಕುಳಿತು, ಎಷ್ಟು ಪುಟ ಇಲ್ಲ ಎಂದು ಕೇಳಿದಳು.

ಭಾವಮೈದುನ ಬ್ರೇಕು ಒತ್ತಿದನೋ ಏನೋ, ವ್ಯಾನು ಒಮ್ಮೆ ಜಗ್ಗಿತು. ಹದಿನಾರು ಎಂದೆ. ಹೇಗೆ ತಿಳಿಯಿತು ಎಂದು ಕೇಳಿದೆ.

"ಆ ಹೆಂಗಸು ನಮ್ಮ ಕಡೆಯವಳು. ಪುಸ್ತಕ ಇಡೀ ಅವಳು ಪಗ್ಗು, ಬೇಶ, ಕಾರ್ತೆಲ್ ಅಂತ ತಿಂಗಳು ಎಣಿಸ್ತಾಳೆ. ತುಳುನಾಡಿನ ಅಡುಗೆಯವಳು ಹೊಳೆಬದಿಯಲ್ಲಿ ಹಗ್ಗ ಹಿಡ್ಕೊಂಡು ನಿಂತು ಜ್ಯೇಷ್ಠ ಬಹುಳ ಪಂಚಮಿ, ಧನಿಷ್ಠಾ ನಕ್ಷತ್ರ ಅಂತ ಹೇಳ್ತಾಳಾ? ಅದು ಮೈಸೂರಿನ ಪಂಚಾಂಗ. ನಿಮ್ಮದು."

ಮುಂದೆ ಕುಳಿತವನು ಸ್ಟಿಯರಿಂಗಿನ ಮೇಲೆ ಬಾಗಿ ನಗತೊಡಗಿದ. ಅವಳು ಹೇಳಿದ್ದು ಸರಿ. ಕರಾವಳಿಯವರು ಸೂರ್ಯನ ಲೆಕ್ಕದಲ್ಲಿ ತಿಂಗಳು ಹಿಡಿಯುತ್ತಾರೆ, ನಾವು ಚಂದ್ರನ ಲೆಕ್ಕದಲ್ಲಿ. ನಮ್ಮ ಮನೆಯಲ್ಲೇ ಪ್ರತಿ ವರ್ಷ ಎರಡು ಯುಗಾದಿ ನಡೆಯುತ್ತದೆ, ಒಂದು ನನ್ನದು, ಒಂದು ಅವಳದು. ಎರಡರ ಪಾಯಸವನ್ನೂ ಉಂಡವನು ನಾನು. ಕಾದಂಬರಿಯ ಅಷ್ಟು ತಿಂಗಳುಗಳ ಹೆಸರನ್ನು ನನ್ನ ಬಾಯಿಂದಲೇ ಓದಿಯೂ ಇದ್ದೆ. ಹಾಗಾದರೆ ಗೊತ್ತಾದ ಮೇಲೂ ಯಾಕೆ ಏಳಲಿಲ್ಲ ಎಂದು ಕೇಳಿದೆ.

"ನೀವು ಎಂತ ಮಾಡ್ತೀರಿ ಅಂತ ನೋಡ್ಬೇಕಿತ್ತು" ಎಂದಳು. "ಅವನನ್ನು ನೀರಿಗೆ ಹಾಕಿದ ಮೇಲೆ ತುಂಬ ಹೊತ್ತು ಹಗ್ಗದ ಬಗ್ಗೆಯೇ ಹೇಳಿದಿರಿ. ನಿಮಗೆ ಕೊಲ್ಲಲಿಕ್ಕೆ ಮನಸ್ಸಿಲ್ಲ ಅಂತ ತಿಳೀತು."

ಮುಂದಿನ ಪುಟ ಓದಲೇ ಎಂದೆ. ಬೇಡ ಎಂದಳು. ಆ ಪುಟಗಳು ಸಿಕ್ಕುವ ತನಕ ಈ ಪುಸ್ತಕ ಮುಚ್ಚಿರಲಿ. ಸಿಕ್ಕ ಮೇಲೆ ಓದುವುದು ಅವಳು, ಕೇಳುವುದು ನಾನು. ಕಣ್ಣು ಕೂಡಿಬಂದರೆ, ಎಂದು ಸೇರಿಸಿದಳು.

ಮತ್ತೊಂದು ಪ್ರತಿಗಾಗಿ ನಾನು ಠಾಣೆಯಲ್ಲಿ ವಿಚಾರಿಸಿದೆ, ಕಲ್ಯಾಣದಲ್ಲಿ ವಿಚಾರಿಸಿದೆ, ವಾಶಿಯಲ್ಲಿ ಕನ್ನಡ ಪುಸ್ತಕ ಇಟ್ಟುಕೊಂಡವರೆಂದು ಕೇಳಿದವರನ್ನೆಲ್ಲ ವಿಚಾರಿಸಿದೆ. ಪ್ರಬಂಧಕ್ಕೆ ಮೂಲ ಹುಡುಕುವಾಗಲೂ ಇಷ್ಟು ಆತಂಕ ಪಟ್ಟಿರಲಿಲ್ಲ. ಕೊನೆಗೆ ಬದಲಾಪುರದ ಹಿರಿಯರೊಬ್ಬರ ಮನೆಯಲ್ಲಿ ಅದು ಸಿಕ್ಕಿತು. ಅವರು ಅದನ್ನು ಓದಿರಲಿಲ್ಲ, ಅವರ ಮನೆಯಲ್ಲಿ ಯಾರೂ ಓದಿರಲಿಲ್ಲ. ಯಾರೋ ಮದುವೆಗೆ ಕೊಟ್ಟದ್ದಂತೆ. ಕೈಯಲ್ಲಿ ಹಿಡಿದು ಪುಟಸಂಖ್ಯೆ ಮಾತ್ರ ನೋಡಿದೆ. ಹದಿನಾರೂ ಇದ್ದವು. ಬದಲಾಪುರದಿಂದ ಡೊಂಬಿವಲಿಗೆ ಗಾಡಿಯಲ್ಲಿ ಬರುವಾಗ ಅದು ನನ್ನ ಚೀಲದಲ್ಲಿತ್ತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತ್ತು. ನಾನು ಚೀಲದ ಬಾಯಿ ಬಿಚ್ಚಲಿಲ್ಲ. ಅದರ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತೆ.

ಆಮೇಲೆ ಕಾಯುವುದು. ಗುಳ್ಳೆ ಕರಗುತ್ತ, ಅವಳ ನೋಟದಲ್ಲಿ ನೀರಿನ ಮಟ್ಟದಂತೆ ಅಲುಗುತ್ತ, ಕೊನೆಗೆ ಕಾಳಿನಷ್ಟಾಗಿ ಒಂದು ದಿನ ಇಲ್ಲವಾಯಿತು. ಸರಳುಗಳು ನೆಟ್ಟಗಾದವು, ಪೂರ್ತಿಯಲ್ಲ. ನಡುವೆ ಈಗಲೂ ಒಂದು ಸಣ್ಣ ಡೊಂಕಿದೆ ಎನ್ನುತ್ತಾಳೆ. ವಾರಪತ್ರಿಕೆಯ ತಲೆಬರಹಗಳು ಮೊದಲು ಬಂದವು. ಸಣ್ಣ ಅಕ್ಷರ ಬರಲಿಲ್ಲ. ಪುಸ್ತಕ ಮೇಜಿನ ಮೇಲೆ, ಅದೇ ಹೋಟೆಲಿನ ಮೇಜಿನ ಮೇಲೆ ಇತ್ತು. ನಾನು ದಿನವೂ ಅದರ ಧೂಳು ಒರೆಸುತ್ತಿದ್ದೆ, ತೆರೆಯುತ್ತಿರಲಿಲ್ಲ.

ನಿನ್ನೆ, ಅಂದರೆ ಸೋಮವಾರ, ತಾಳೆ ನೋಡಿಯೇ ಬರೆಯುತ್ತಿದ್ದೇನೆ, ಮಧ್ಯಾಹ್ನ ಊಟವಾದ ಮೇಲೆ ಅವಳು ಕನ್ನಡಕ ಒರೆಸಿಕೊಂಡು ಬಂದು ಮೇಜಿನೆದುರು ಕೂತಳು. ಕಿಟಕಿಯ ಬೆಳಕು ಪುಟದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿಕೊಂಡಳು. ನಾನು ಅಭ್ಯಾಸಬಲದಿಂದ ಚಾಪೆ ಹಾಸಿ ಕೆಳಗೇ ಕೂತೆ. ಅವಳು ಪುಟ ಹುಡುಕಿ, ಸಾಲಿಗೆ ಬೆರಳಿಟ್ಟಳು. ಮೊದಲ ವಾಕ್ಯ ನಿಧಾನವಾಗಿ, ಶಾಲೆಯ ಮಗುವಿನ ಹಾಗೆ ಒಂದೊಂದೇ ಪದವಾಗಿ ಬಂತು. ತೆಪ್ಪದವನು ಗಳು ಕೈಗೆತ್ತಿಕೊಂಡ. ಅಷ್ಟು ನಾನು ಸರಿಯಾಗಿ ಊಹಿಸಿದ್ದೆ. ಎರಡನೆಯ ವಾಕ್ಯದ ನಡುವೆ ಅವಳು ನಿಂತಳು. ಬೆರಳು ಅಲ್ಲೇ ಇತ್ತು. ಕತ್ತನ್ನು ಸ್ವಲ್ಪ ಎಡಕ್ಕೆ ಓರೆಮಾಡಿದಳು, ಡೊಂಕಾದ ಅಕ್ಷರವನ್ನು ಪಕ್ಕದಿಂದ ಹಿಡಿಯುವಂತೆ.

ನಾನು ಎದ್ದು ನೋಡಿ ಹೇಳಿಬಿಡಬಹುದಿತ್ತು. ಏಳಲಿಲ್ಲ.

"ಒಂದು ನಿಮಿಷ" ಎಂದಳು. "ಬರ್ತದೆ."